ಪಾಸ್ ಮಾಡಿಸಬೇಕೋ, ಟಿಕೆಟ್ ಸಾಕೋ? ಮೊದಲು ಹತ್ತಿದ್ದನ್ನು ಎಣಿಸಿ

ಕಳೆದ ತಿಂಗಳು ನೀವು ಬಸ್ಸನ್ನೋ ಮೆಟ್ರೋವನ್ನೋ ಎಷ್ಟು ಸಲ ಹತ್ತಿದಿರಿ? ಅಂದಾಜಿನ ಲೆಕ್ಕ ಬೇಡ, ಸರಿಯಾದ ಸಂಖ್ಯೆ ಹೇಳಿ. ಹೀಗೆ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಪಾಸಿನ ಬೆಲೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಅದನ್ನು ಎಷ್ಟು ಬಳಸಿದೆವು ಅನ್ನೋದು ಮಾತ್ರ ಗೊತ್ತಿರುವುದಿಲ್ಲ.

ನಾನೂ ತುಂಬಾ ವರ್ಷ ಎಣಿಸಿರಲಿಲ್ಲ. ತಿಂಗಳು ಹುಟ್ಟಿದ ಕೂಡಲೇ ಪಾಸ್ ಮಾಡಿಸುವುದು, ಅಷ್ಟೇ. ಒಂದು ತಿಂಗಳು ಹತ್ತಿದಾಗಲೆಲ್ಲ ಡೈರಿಯಲ್ಲಿ ಒಂದು ಗೀಟು ಎಳೆಯುತ್ತಾ ಹೋದೆ. ಕೊನೆಯ ದಿನ ನೋಡಿದರೆ 31 ಗೀಟು. ಪಾಸಿಗೆ ಕೊಟ್ಟ ದುಡ್ಡು ಹುಟ್ಟಬೇಕಾದರೆ 40 ಆಗಬೇಕಿತ್ತು. ಹೆಚ್ಚುಕಡಿಮೆ ಕಾಲು ಭಾಗ ದುಡ್ಡು ಏನೂ ಪಡೆಯದೆ ಹೋಗಿತ್ತು. ಹಿಂದಿನ ತಿಂಗಳುಗಳಲ್ಲೂ ಹಾಗೇ ಹೋಗಿರಬೇಕು.

ಅಂದಿನಿಂದ ಟಿಕೆಟ್, ಪಾಸ್, ಕಾರ್ಡುಗಳ ನಿಯಮಗಳನ್ನು ಗಮನವಿಟ್ಟು ಓದುತ್ತೇನೆ. ಊರು ಯಾವುದೇ ಇರಲಿ, ದರಪಟ್ಟಿಯಲ್ಲಿ ಸಿಗುವ ಆಯ್ಕೆಗಳು ಹೆಚ್ಚುಕಡಿಮೆ ಇವೇ: ಒಂದು ಸಲದ ಟಿಕೆಟ್, ದುಡ್ಡು ತುಂಬಿಸಿಟ್ಟು ಬಳಸುವ ಕಾರ್ಡ್, ದಿನದ ಪಾಸ್, ವಾರದ್ದು, ತಿಂಗಳದ್ದು, ವರ್ಷದ್ದು. ಕೆಲವು ಕಡೆ ಹತ್ತು ಟಿಕೆಟ್‌ಗಳ ಕಟ್ಟು ಸಿಗುತ್ತದೆ. ಕೆಲವು ಕಡೆ ಇಷ್ಟು ಖರ್ಚಾದ ಮೇಲೆ ಇನ್ನು ದುಡ್ಡು ಕಡಿಯುವುದಿಲ್ಲ ಅನ್ನುವ ದರಮಿತಿ ಇರುತ್ತದೆ. ಯಾವುದು ಅಗ್ಗ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ನಿಮಗೆ ಯಾವುದು ಅಗ್ಗ ಅನ್ನುವುದಕ್ಕೆ ಇದೆ.

ಪಾಸಿನ ಬೆಲೆಯನ್ನು ಟಿಕೆಟ್‌ಗಳಲ್ಲಿ ಅಳೆಯಿರಿ

ಮೊದಲು ಪಾಸಿನ ಬೆಲೆಯನ್ನು ನೀವು ದಿನವೂ ಕೊಡುವ ಒಂದು ಸಲದ ದರದಿಂದ ಭಾಗಿಸಿ. 36 ಬಂತು ಅಂದುಕೊಳ್ಳೋಣ. ಅಂದರೆ ಈ ಪಾಸ್ 36 ಟಿಕೆಟ್‌ಗಳಿಗೆ ಸಮ. 37ನೇ ಸಲ ಹತ್ತಿದ ಮೇಲೆ ನಿಮಗೆ ಲಾಭ.

ಇನ್ನು ನಿಮ್ಮ ತಿಂಗಳನ್ನು ನೋಡಿ. 30 ದಿನದಲ್ಲಿ 8 ವಾರಾಂತ್ಯದ ದಿನ ಕಳೆದರೆ 22 ಉಳಿಯುತ್ತದೆ. ಹೋಗಿ ಬರುವುದು ಸೇರಿ 44 ಸಲ. ಆಹಾ, 8 ಸಲ ಪುಕ್ಕಟೆ ಅಂತ ಇಲ್ಲೇ ಹೆಚ್ಚಿನವರು ಲೆಕ್ಕ ನಿಲ್ಲಿಸಿಬಿಡುತ್ತಾರೆ. ಆದರೆ ಒಂದು ದಿನ ರಜೆ ಬರುತ್ತದೆ. ಒಂದು ದಿನ ಜ್ವರ. ಒಂದು ದಿನ ಮನೆಯಿಂದಲೇ ಕೆಲಸ. ಉಳಿದದ್ದು 19 ದಿನ, 38 ಸಲ. ಇನ್ನು ಎರಡು ಸಂಜೆ ಸ್ನೇಹಿತರು ಗಾಡಿಯಲ್ಲಿ ಮನೆಗೆ ಬಿಟ್ಟರೆ 36. ಅಲ್ಲಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಹಾಗಾಗಿ ಮುಂದಿನ ತಿಂಗಳು ಎಷ್ಟು ಓಡಾಡಬೇಕು ಅಂದುಕೊಂಡಿದ್ದೀರಿ ಅನ್ನುವುದನ್ನು ಬಿಡಿ. ಹಿಂದಿನ ತಿಂಗಳು ಎಷ್ಟು ಓಡಾಡಿದಿರಿ ಅನ್ನುವುದನ್ನು ಹಿಡಿಯಿರಿ. ಕಾರ್ಡ್ ಬಳಸುವವರಿಗೆ ಇದು ಸುಲಭ. ಆಪ್‌ನಲ್ಲೋ ಟಿಕೆಟ್ ಯಂತ್ರದಲ್ಲೋ ಹಳೆಯ ಪ್ರಯಾಣಗಳ ಪಟ್ಟಿ ಸಾಮಾನ್ಯವಾಗಿ ಸಿಗುತ್ತದೆ. ಇಲ್ಲದಿದ್ದರೆ ಗೀಟು ಎಳೆಯಿರಿ. ಎರಡು ವಾರ ಎಳೆದರೂ ಸಾಕು, ಚಿತ್ರ ಸಿಕ್ಕಿಬಿಡುತ್ತದೆ.

ಯಾವುದರ ಜೊತೆ ಹೋಲಿಸುತ್ತಿದ್ದೀರಿ?

ಮೇಲಿನ ಲೆಕ್ಕದಲ್ಲೇ ಒಂದು ತಪ್ಪು ಅಡಗಿದೆ. ಪಾಸನ್ನು ನಾವು ಹೋಲಿಸಿದ್ದು ಪೂರ್ತಿ ದರದ ಟಿಕೆಟ್ ಜೊತೆ. ಆದರೆ ಪಾಸ್ ಇಲ್ಲದ ತಿಂಗಳು ನೀವು ನಿಜವಾಗಿ ಪೂರ್ತಿ ದರ ಕೊಡುತ್ತೀರಾ? ದುಡ್ಡು ತುಂಬಿಸಿಟ್ಟ ಕಾರ್ಡಿಗೆ ಬಹಳ ಕಡೆ ರಿಯಾಯಿತಿ ಇರುತ್ತದೆ. ಅದು ಶೇಕಡಾ 10 ಅಂತ ಇಟ್ಟುಕೊಳ್ಳಿ. ಆಗ ಒಂದು ಸಲಕ್ಕೆ ಬೀಳುವುದು 0.9 ಟಿಕೆಟ್. 36ನ್ನು 0.9ರಿಂದ ಭಾಗಿಸಿದರೆ 40. ಈಗ ಪಾಸ್ ಗೆಲ್ಲಬೇಕಾದರೆ 41 ಸಲ ಹತ್ತಬೇಕು!

38 ಸಲ ಓಡಾಡುವವರನ್ನೇ ತಗೊಳ್ಳಿ. ಪೂರ್ತಿ ದರಕ್ಕೆ ಹೋಲಿಸಿದರೆ ಪಾಸಿನಿಂದ ಅವರಿಗೆ 2 ಟಿಕೆಟ್ ಉಳಿತಾಯ. ಕಾರ್ಡಿಗೆ ಹೋಲಿಸಿದರೆ 38 ಸಲಕ್ಕೆ 34.2 ಟಿಕೆಟ್‌ನಷ್ಟೇ ಖರ್ಚು, ಅಂದರೆ ಪಾಸಿನಿಂದ 1.8 ಟಿಕೆಟ್ ನಷ್ಟ. ಅದೇ ಮನುಷ್ಯ, ಅದೇ ತಿಂಗಳು, ಉತ್ತರ ಮಾತ್ರ ತಿರುವುಮುರುವು. ಪಾಸಿನ ಜಾಹೀರಾತಿನಲ್ಲಿ ಉಳಿತಾಯದ ಅಂಕಿ ಕಂಡರೆ, ಅದನ್ನು ಯಾವ ದರಕ್ಕೆ ಹೋಲಿಸಿ ಹೇಳಿದ್ದಾರೆ ಅಂತ ಮೊದಲು ನೋಡಿ. ಸಾಮಾನ್ಯವಾಗಿ ಅತಿ ದುಬಾರಿ ಟಿಕೆಟ್ಟಿಗೇ ಹೋಲಿಸಿರುತ್ತಾರೆ.

ಇದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ವಿದ್ಯಾರ್ಥಿಗಳಿಗೆ, ಹಿರಿಯರಿಗೆ, ಅಂಗವಿಕಲರಿಗೆ, ಮಕ್ಕಳಿಗೆ ಬಹಳ ಕಡೆ ರಿಯಾಯಿತಿ ದರ ಇರುತ್ತದೆ. ನಿಮ್ಮ ಮನೆಯಲ್ಲಿ ಅದಕ್ಕೆ ಅರ್ಹರಾದವರು ಇದ್ದರೆ ಮೊದಲು ಆ ಗುರುತಿನ ಚೀಟಿ ಮಾಡಿಸಿ. ಅರ್ಧ ದರದ ಟಿಕೆಟ್ ಸಿಗುವವರಿಗೆ ಪೂರ್ತಿ ದರದ ಪಾಸ್ ಬಹಳ ಸಲ ದಂಡವೇ.

ಬಸ್ ಬದಲಾಯಿಸುವವರ ಲೆಕ್ಕವೇ ಬೇರೆ

ಮನೆಯಿಂದ ಕೆಲಸಕ್ಕೆ ಒಂದೇ ಬಸ್ ಇರುವವರು ಪಾಸಿನ ಬಗ್ಗೆ ಯೋಚಿಸಬೇಕು. ಎರಡು ಬಸ್ ಹತ್ತುವವರು ಮೊದಲು ಬೇರೆ ಪ್ರಶ್ನೆ ಕೇಳಬೇಕು: ಬದಲಾಯಿಸಿದಾಗ ಮತ್ತೆ ಪೂರ್ತಿ ಟಿಕೆಟ್ ಕೊಡಬೇಕಾ?

ಕೊಡಬೇಕು ಅಂತಾದರೆ ದಿನಕ್ಕೆ 4 ಟಿಕೆಟ್. 36 ಟಿಕೆಟ್ ಬೆಲೆಯ ಪಾಸ್ 9 ದಿನಕ್ಕೇ ದುಡ್ಡು ಹುಟ್ಟಿಸುತ್ತದೆ. ಇಂಥವರು ಕಣ್ಣು ಮುಚ್ಚಿ ಪಾಸ್ ಮಾಡಿಸಬಹುದು. ಊರಿನ ಅಂಚಿನಲ್ಲಿ, ನೇರ ಬಸ್ ಇಲ್ಲದ ಕಡೆ ಇರುವವರಿಗೆ ಪಾಸ್ ನಿಜವಾದ ಆಸರೆ.

ಬದಲಾವಣೆಗೆ ದುಡ್ಡು ಇಲ್ಲದ ವ್ಯವಸ್ಥೆ ಆದರೆ ಪಾಸಿನ ಆಕರ್ಷಣೆ ಅರ್ಧಕ್ಕೆ ಇಳಿಯುತ್ತದೆ. ಸಿಯೋಲ್ 2004ರಲ್ಲಿ ಬಸ್ಸು ಮತ್ತು ಸುರಂಗ ರೈಲುಗಳ ದರವನ್ನು ಒಟ್ಟು ಸೇರಿಸಿತು. ಅಂದಿನಿಂದ ಅಲ್ಲಿ ಬದಲಾಯಿಸಿ ಹೋದರೂ ಲೆಕ್ಕ ಒಟ್ಟು ದೂರದ್ದು. ಆದರೆ ಒಂದು ಷರತ್ತು ಇದೆ. ಬಸ್ ಇಳಿಯುವಾಗಲೂ ಕಾರ್ಡ್ ತೋರಿಸಬೇಕು, ನಿಗದಿತ ಹೊತ್ತಿನೊಳಗೆ ಮುಂದಿನದನ್ನು ಹತ್ತಬೇಕು. ಮರೆತರೆ ರಿಯಾಯಿತಿ ಹೋಯಿತು. ಬದಲಾವಣೆಯ ರಿಯಾಯಿತಿ ಇರುವ ಊರುಗಳಲ್ಲಿ ಹೀಗೆ ಗಡಿಯಾರವೊಂದು ಓಡುತ್ತಲೇ ಇರುತ್ತದೆ. ಆ ಹೊತ್ತು ಎಷ್ಟು ಅಂತ ತಿಳಿದುಕೊಂಡರೆ ಎಷ್ಟೋ ಉಪಯೋಗ. ದಾರಿಯಲ್ಲಿ ಇಳಿದು ಹತ್ತು ನಿಮಿಷದ ಕೆಲಸ ಮುಗಿಸಿ ಅದೇ ಟಿಕೆಟ್ಟಿನಲ್ಲಿ ಮುಂದೆ ಹೋಗಬಹುದು.

ಮೆಟ್ರೋ ಒಂದು ಸಂಸ್ಥೆಯದ್ದು, ಬಸ್ ಇನ್ನೊಂದರದ್ದು ಆಗಿರುವ ಕಡೆ ಇನ್ನೊಂದು ತೊಡಕು. ಎರಡಕ್ಕೂ ನಡೆಯುವ ಪಾಸ್ ಇದ್ದರೂ ಅದರ ಬೆಲೆ ಜಾಸ್ತಿ. ಇಲ್ಲಿ ನನ್ನ ಅಭಿಪ್ರಾಯ ಖಚಿತ. ದಿನವೂ ಎರಡನ್ನೂ ಬಳಸುವವರು ಮಾತ್ರ ಜಂಟಿ ಪಾಸ್ ತಗೊಳ್ಳಲಿ. ವಾರಕ್ಕೊಮ್ಮೆ ಮೆಟ್ರೋ ಹತ್ತುವವರು ಬಸ್ ಪಾಸ್ ಇಟ್ಟುಕೊಂಡು ಆ ಒಂದು ದಿನ ಟಿಕೆಟ್ ಕೊಳ್ಳಲಿ.

ದೂರ, ವಲಯ, ಒಂದೇ ದರ

ದರ ಕಟ್ಟುವ ರೀತಿ ಮೂರು ಥರ. ಎಲ್ಲಿಗೆ ಹೋದರೂ ಒಂದೇ ದರ. ಅಥವಾ ದೂರ ಹೆಚ್ಚಿದಂತೆ, ಹಂತ ಹಂತವಾಗಿ ಏರುವ ದರ. ಅಥವಾ ಊರನ್ನು ವಲಯಗಳಾಗಿ ಕೊಯ್ದು, ಗೆರೆ ದಾಟಿದರೆ ಜಾಸ್ತಿ.

ದೂರದ ಲೆಕ್ಕದ ಊರಿನಲ್ಲಿ ಪಾಸಿಗೆ ಒಂದೇ ಬೆಲೆ ಇದ್ದರೆ, ಅದು ದೂರದಿಂದ ಬರುವವರ ಪಾಸ್. ನಾಲ್ಕು ಸ್ಟಾಪ್ ಓಡಾಡುವವರು ಅದನ್ನು ಕೊಂಡರೆ ದೂರದವರ ಟಿಕೆಟ್ಟಿಗೂ ದುಡ್ಡು ಕೊಟ್ಟ ಹಾಗೆ. ಹತ್ತಿರದ ಓಡಾಟದವರಿಗೆ ಕಾರ್ಡೇ ಸರಿ.

ವಲಯಗಳಲ್ಲಿ ಗೆರೆ ಎಲ್ಲಿದೆ ಅಂತ ನಕ್ಷೆಯಲ್ಲಿ ಬೆರಳಿಟ್ಟು ನೋಡಿ. ನಿಮ್ಮ ಮನೆ ಗೆರೆಯಿಂದ ಒಂದೇ ಸ್ಟಾಪ್ ಆಚೆ ಇದ್ದರೆ ಮೂರು ದಾರಿಗಳಿವೆ. ದೊಡ್ಡ ಪಾಸ್ ಕೊಳ್ಳುವುದು. ಗೆರೆಯ ಈಚಿನ ಸ್ಟಾಪಿನವರೆಗೆ ನಡೆಯುವುದು. ಒಳ ವಲಯದ ಪಾಸ್ ಇಟ್ಟುಕೊಂಡು, ಆಚೆಗೆ ಹೋಗುವಾಗ ಆ ತುಂಡು ದೂರಕ್ಕೆ ಮಾತ್ರ ಟಿಕೆಟ್ ಸೇರಿಸುವುದು. ಮೂರನೆಯದನ್ನು ಕೌಂಟರಿನಲ್ಲಿ ತಾವಾಗಿ ಹೇಳುವುದು ಕಡಿಮೆ. ಕೇಳಬೇಕು. ಎರಡು ವಲಯಗಳ ಗಡಿಯ ಮೇಲೇ ಇರುವ ನಿಲ್ದಾಣಗಳನ್ನು ಎರಡೂ ಕಡೆಗೆ ಸೇರಿಸಿ ಲೆಕ್ಕ ಹಾಕುವ ಪದ್ಧತಿಯೂ ಇದೆ. ಅಂಥ ನಿಲ್ದಾಣ ನಿಮಗೆ ಹತ್ತಿರ ಇದ್ದರೆ ಅದೇ ನಿಮ್ಮ ನಿಲ್ದಾಣ.

ವಲಯಗಳ ಗೊಂದಲ ಎಷ್ಟು ಭಾರ ಅನ್ನುವುದು ಜರ್ಮನಿಯಲ್ಲಿ 2022ರ ಬೇಸಿಗೆಯಲ್ಲಿ ಕಂಡಿತು. ಜೂನ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ 9 ಯೂರೋ ಕೊಟ್ಟರೆ ದೇಶದ ಎಲ್ಲ ಊರಿನ ಬಸ್ಸು, ಟ್ರಾಮು, ಸ್ಥಳೀಯ ರೈಲುಗಳಲ್ಲಿ ಓಡಾಡಬಹುದಿತ್ತು. ಬೆಲೆ ಕಡಿಮೆ ಅನ್ನುವುದು ಸರಿ. ಆದರೆ ಹೊಸ ಊರಿಗೆ ಹೋದಾಗಲೆಲ್ಲ ಅಲ್ಲಿನ ದರಪಟ್ಟಿ ಓದುವ ಕೆಲಸವೇ ತಪ್ಪಿದ್ದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2023ರ ಮೇ ತಿಂಗಳಲ್ಲಿ ಅದೇ ಮಾದರಿಯ ಪಾಸ್ ಜಾಸ್ತಿ ಬೆಲೆಗೆ ಮತ್ತೆ ಬಂತು. ಅದು ಚಂದಾ ರೀತಿಯದು. ಬೇಡವಾದರೆ ತಿಂಗಳ 10ನೇ ತಾರೀಕಿನೊಳಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನ ತಿಂಗಳದ್ದೂ ಕಡಿತ ಆಗುತ್ತದೆ. ತಾನಾಗಿ ನವೀಕರಣ ಆಗುವ ಯಾವ ಪಾಸ್ ಕೊಂಡರೂ, ನಿಲ್ಲಿಸುವ ಕೊನೆಯ ದಿನವನ್ನು ಕೊಂಡ ದಿನವೇ ಫೋನಿನಲ್ಲಿ ಗುರುತು ಹಾಕಿಕೊಳ್ಳಿ.

ದಿನದ್ದಾ, ವಾರದ್ದಾ, ತಿಂಗಳದ್ದಾ, ವರ್ಷದ್ದಾ?

ದಿನದ ಪಾಸ್ ಸಾಮಾನ್ಯವಾಗಿ ಮೂರು ನಾಲ್ಕು ಟಿಕೆಟ್ಟಿನ ಬೆಲೆಗೆ ಸಿಗುತ್ತದೆ. ಹೋಗಿ ಬರುವವರಿಗೆ ಅದು ಬೇಡ. ಆಸ್ಪತ್ರೆ, ಬ್ಯಾಂಕು, ಕಚೇರಿ ಅಂತ ಸುತ್ತುವ ದಿನಕ್ಕೆ ಬೇಕು. ಕೊಳ್ಳುವಾಗ ಒಂದು ಮಾತು ಕೇಳಿ: ಇದು ರಾತ್ರಿಗೆ ಮುಗಿಯುತ್ತದೋ, 24 ಗಂಟೆ ಇರುತ್ತದೋ? 24 ಗಂಟೆಯದಾದರೆ ಮಧ್ಯಾಹ್ನ 12ಕ್ಕೆ ಶುರು ಮಾಡಿದ್ದು ನಾಳೆ ಬೆಳಗಿನ ಓಡಾಟಕ್ಕೂ ಬರುತ್ತದೆ.

ತಿಂಗಳ ಪಾಸಿನಲ್ಲೂ ಇದೇ ಪ್ರಶ್ನೆ. ಕೊಂಡ ದಿನದಿಂದ 30 ದಿನವೋ, ಕ್ಯಾಲೆಂಡರಿನ ತಿಂಗಳೋ? ಕ್ಯಾಲೆಂಡರಿನದ್ದಾದರೆ 11ನೇ ತಾರೀಕಿಗೆ ಕೊಂಡವರಿಗೆ ಮೂರನೇ ಒಂದು ಭಾಗ ಆಗಲೇ ಹೋಗಿರುತ್ತದೆ. ಕೌಂಟರಿನವರು ಕೊಡುತ್ತಾರೆ, ನೀವೂ ತಗೊಂಡು ಬರುತ್ತೀರಿ. ಅಂಥ ಹೊತ್ತಿನಲ್ಲಿ ಆ ತಿಂಗಳು ಕಾರ್ಡಿನಲ್ಲೇ ಕಳೆದು 1ನೇ ತಾರೀಕಿಗೆ ಕಾಯುವುದು ಒಳ್ಳೆಯದು.

ವರ್ಷದ ಪಾಸ್ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಇಲ್ಲಿ ದುಡ್ಡು ದೊಡ್ಡದು. ಬ್ರಿಟನ್ನಿನ ರೈಲು ಸೀಸನ್ ಟಿಕೆಟ್ಟಿಗೆ ಒಂದು ಸ್ಪಷ್ಟ ಸೂತ್ರ ಇದೆ. ತಿಂಗಳದ್ದು ವಾರದ ಬೆಲೆಯ 3.84 ಪಟ್ಟು. ವರ್ಷದ್ದು ವಾರದ ಬೆಲೆಯ 40 ಪಟ್ಟು. ವರ್ಷಕ್ಕೆ 52 ವಾರ, ಕೊಡುವುದು 40 ವಾರದ್ದು. 12 ವಾರ ಬಿಟ್ಟಿ ಅಂತ ಕಾಣುತ್ತದೆ ಅಲ್ವಾ?

ಈಗ ತಿಂಗಳ ಪಾಸ್ ಜೊತೆ ಹೋಲಿಸಿ. 12 ತಿಂಗಳಿಗೆ 46.08 ವಾರದ ಬೆಲೆ ಆಗುತ್ತದೆ. 11 ತಿಂಗಳಿಗೆ 42.24. 10 ತಿಂಗಳಿಗೆ 38.4. ಅಂದರೆ ವರ್ಷದಲ್ಲಿ ಎರಡು ತಿಂಗಳು ಪಾಸ್ ಬೇಡವಾದವರಿಗೆ ತಿಂಗಳ ಪಾಸೇ ಅಗ್ಗ. ಒಂದೇ ತಿಂಗಳು ಬೇಡವಾದರೆ ವರ್ಷದ್ದೇ ಅಗ್ಗ. ಪಾಠ ಹೇಳುವ ಮೇಷ್ಟ್ರಿಗೂ ವಿದ್ಯಾರ್ಥಿಗೂ ಉದ್ದ ರಜೆ ಇರುತ್ತದೆ, ಅವರಿಗೆ ಈ ಗಡಿ ಮುಖ್ಯ. ನಿಮ್ಮ ಊರಿನ ಪಟ್ಟು ಬೇರೆ ಇರಬಹುದು. ವರ್ಷದ ಬೆಲೆಯನ್ನು ತಿಂಗಳ ಬೆಲೆಯಿಂದ ಭಾಗಿಸಿ ನೋಡಿ, ಎಷ್ಟು ತಿಂಗಳು ಬಳಸಿದರೆ ಸರಿ ಅಂತ ತಕ್ಷಣ ಗೊತ್ತಾಗುತ್ತದೆ.

ಕೆಲಸ ಬಿಟ್ಟರೆ, ಮನೆ ಬದಲಾದರೆ ದುಡ್ಡು ವಾಪಸ್ ಕೊಡುತ್ತಾರಾ? ಬಹಳ ಕಡೆ ಕೊಡುತ್ತಾರೆ, ಆದರೆ ನಾವಂದುಕೊಂಡಷ್ಟಲ್ಲ. ಬಳಸಿದ ತಿಂಗಳುಗಳಿಗೆ ತಿಂಗಳ ಪಾಸಿನ ದರ ಹಾಕಿ, ಅದನ್ನು ಕಳೆದು ಉಳಿದದ್ದನ್ನು ಕೊಡುತ್ತಾರೆ. ಮೇಲಿನ ಸೂತ್ರದಲ್ಲೇ ನೋಡಿ. 6 ತಿಂಗಳು ಬಳಸಿದರೆ 23.04 ವಾರದ ಬೆಲೆ ಹೋಗುತ್ತದೆ, 40ರಲ್ಲಿ ಉಳಿಯುವುದು 16.96. ಅರ್ಧ ವರ್ಷಕ್ಕೆ ಅರ್ಧ ದುಡ್ಡು, ಅಂದರೆ 20 ಬರುತ್ತದೆ ಅಂತ ಕಾದವರಿಗೆ ಬೇಸರ ಆಗುತ್ತದೆ. 11 ತಿಂಗಳಾದ ಮೇಲೆ ಏನೂ ಬರುವುದಿಲ್ಲ. ಕೆಲಸ ಗಟ್ಟಿ ಇಲ್ಲದವರು, ಬಾಡಿಗೆ ಕರಾರು ಮುಗಿಯುತ್ತಾ ಬಂದವರು ವರ್ಷದ ಪಾಸಿಗೆ ಕೈ ಹಾಕುವುದು ಬೇಡ.

ವಾರಕ್ಕೆ ಎರಡು ಮೂರು ದಿನ ಮಾತ್ರ ಆಫೀಸಿಗೆ ಹೋಗುವವರಿಗೆ ಹಳೆಯ ಮಾದರಿಯ ಪಾಸ್ ಯಾವುದೂ ಹೊಂದುವುದಿಲ್ಲ. ಅವನ್ನು ಮಾಡಿದ್ದೇ ದಿನವೂ ಹೋಗುವವರಿಗೆ. ಇಂಗ್ಲೆಂಡಿನ ರೈಲುಗಳಲ್ಲಿ 2021ರ ಜೂನ್‌ನಲ್ಲಿ 28 ದಿನದೊಳಗೆ ಯಾವುದಾದರೂ 8 ದಿನ ಬಳಸುವ ಟಿಕೆಟ್ ತಂದದ್ದು ಇವರಿಗಾಗಿಯೇ. ನಿಮ್ಮಲ್ಲಿ ಅಂಥದ್ದು ಇಲ್ಲದಿದ್ದರೆ ಹತ್ತು ಟಿಕೆಟ್ಟಿನ ಕಟ್ಟು, ಅದೂ ಇಲ್ಲದಿದ್ದರೆ ರಿಯಾಯಿತಿ ಇರುವ ಕಾರ್ಡ್. ವಾರಕ್ಕೆ ಮೂರು ದಿನ ಅಂದರೆ ತಿಂಗಳಿಗೆ ಸುಮಾರು 26 ಸಲ. ಒಂದೇ ಬಸ್ಸಿನವರಿಗೆ 36 ಟಿಕೆಟ್ಟಿನ ಪಾಸ್ ಮುಟ್ಟುವ ಮಾತೇ ಇಲ್ಲ.

ದುಡ್ಡು ಒಟ್ಟಿಗೆ ಇಲ್ಲದವರು ಜಾಸ್ತಿ ಕೊಡುತ್ತಾರೆ

ನನಗೆ ಪರಿಚಯದ ಒಬ್ಬ ಅಕ್ಕ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಾರೆ. ದಿನಕ್ಕೆ ನಾಲ್ಕು ಸಲ ಬಸ್ ಹತ್ತುತ್ತಾರೆ, ವಾರಕ್ಕೆ ಆರು ದಿನ. ತಿಂಗಳಿಗೆ ನೂರರ ಹತ್ತಿರ. ಪಾಸ್ ಮಾಡಿಸಿದರೆ ಅವರಿಗೆ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ಯಾಕೆ ಮಾಡಿಸಿಲ್ಲ ಅಂತ ಕೇಳಿದೆ. "ತಿಂಗಳ ಶುರುವಿಗೆ ಅಷ್ಟು ದುಡ್ಡು ಒಟ್ಟಿಗೆ ಎಲ್ಲಿಂದ ತರಲಿ? ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ದಿನದ ಟಿಕೆಟ್ಟಿಗೆ ಮಾತ್ರ" ಅಂದರು.

ಈ ಮಾತು ನನ್ನನ್ನು ಬಿಟ್ಟಿಲ್ಲ. ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಜಾಸ್ತಿ ಕೊಡಬೇಕಾಗಿತ್ತು. ಕೈಯಲ್ಲಿ ಕಾಸಿದ್ದವರಿಗೆ ರಿಯಾಯಿತಿ, ಇಲ್ಲದವರಿಗೆ ಪೂರ್ತಿ ದರ. ಎಷ್ಟೇ ಒಳ್ಳೆಯ ಪಾಸ್ ಆದರೂ ಮುಂಗಡ ಕೇಳಿದರೆ ಈ ಅನ್ಯಾಯ ಅದರೊಳಗೇ ಇರುತ್ತದೆ.

ಇದಕ್ಕೆ ಇರುವ ಉತ್ತರವೇ ದರಮಿತಿ. ಮೊದಲೇ ಏನೂ ಕಟ್ಟಬೇಕಾಗಿಲ್ಲ. ಹತ್ತಿದಾಗಲೆಲ್ಲ ಕಾರ್ಡ್ ತೋರಿಸುತ್ತಾ ಹೋಗುವುದು. ಖರ್ಚು ಒಂದು ಗಡಿ ಮುಟ್ಟಿದ ಮೇಲೆ ಆ ದಿನ ಅಥವಾ ಆ ವಾರ ಉಳಿದದ್ದು ಉಚಿತ. ಲಂಡನ್ನಿನಲ್ಲಿ ಆಯ್‌ಸ್ಟರ್ ಕಾರ್ಡ್ ಬಂದದ್ದು 2003ರಲ್ಲಿ, ಅದಕ್ಕೆ ದಿನದ ಮಿತಿ ಸೇರಿದ್ದು 2005ರಲ್ಲಿ. ಲೆಕ್ಕ ಹಾಕುವ ಹೊಣೆ ಪ್ರಯಾಣಿಕರ ತಲೆಯಿಂದ ಯಂತ್ರಕ್ಕೆ ಹೋಯಿತು. ನಿಮ್ಮ ಊರಿನಲ್ಲಿ ದರಮಿತಿ ಇದ್ದು, ಅದರ ಗಡಿ ಪಾಸಿನ ಬೆಲೆಗೆ ಸಮೀಪ ಇದ್ದರೆ, ಬೇರೆ ಯೋಚನೆ ಬೇಡ. ಅದನ್ನೇ ಆರಿಸಿ. ಕಡಿಮೆ ಓಡಾಡಿದ ವಾರ ಕಡಿಮೆ ಕೊಡುತ್ತೀರಿ, ಜಾಸ್ತಿ ಓಡಾಡಿದ ವಾರ ಗಡಿಗಿಂತ ಮೇಲೆ ಹೋಗುವುದಿಲ್ಲ.

ಆದರೆ ವಾರ ಎಲ್ಲಿಂದ ಶುರು ಅಂತ ತಿಳಿದಿರಲಿ. ಲಂಡನ್ನಿನ ವಾರದ ಮಿತಿ ಸೋಮವಾರದಿಂದ ಭಾನುವಾರದವರೆಗೆ. ಗುರುವಾರ ಬಂದು ಮುಂದಿನ ಬುಧವಾರ ಹೊರಡುವವರ ಓಡಾಟ ಎರಡು ವಾರಗಳಿಗೆ ಹಂಚಿ ಹೋಗುತ್ತದೆ, ಗಡಿ ಮುಟ್ಟುವುದೇ ಕಷ್ಟ. ನ್ಯೂಯಾರ್ಕಿನಲ್ಲೂ 2022ರಲ್ಲಿ ಹೀಗೇ ಸೋಮವಾರದ ಲೆಕ್ಕದಲ್ಲಿ ಶುರುವಾಗಿ, 2023ರಲ್ಲಿ ಯಾವ ದಿನದಿಂದಾದರೂ 7 ದಿನ ಅಂತ ಬದಲಾಯಿತು. ಎರಡನೆಯದು ಪ್ರಯಾಣಿಕರ ಪರವಾದ ನಿಯಮ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮಿತಿ ಲೆಕ್ಕ ಆಗುವುದು ಮನುಷ್ಯನ ಮೇಲೆ ಅಲ್ಲ, ಕಾರ್ಡಿನ ಮೇಲೆ. ಬೆಳಿಗ್ಗೆ ಬ್ಯಾಂಕ್ ಕಾರ್ಡ್, ಸಂಜೆ ಅದೇ ಕಾರ್ಡನ್ನು ಸೇರಿಸಿದ ಫೋನ್ ತೋರಿಸಿದರೆ ಯಂತ್ರಕ್ಕೆ ಅವು ಇಬ್ಬರು ಬೇರೆ ಬೇರೆ ಪ್ರಯಾಣಿಕರ ಹಾಗೆ ಕಾಣಬಹುದು. ಎರಡರಲ್ಲೂ ಅರ್ಧರ್ಧ ಖರ್ಚಾಗಿ ಗಡಿ ಮುಟ್ಟುವುದೇ ಇಲ್ಲ. ಒಂದನ್ನು ಹಿಡಿದರೆ ಅದನ್ನೇ ಹಿಡಿಯಿರಿ.

ಕೊಳ್ಳುವ ಮೊದಲು ಕೇಳಬೇಕಾದ ಸಣ್ಣ ಸಂಗತಿಗಳು

ಇಳಿಯುವಾಗಲೂ ಕಾರ್ಡ್ ತೋರಿಸಬೇಕಾದ ವ್ಯವಸ್ಥೆಯಲ್ಲಿ ಮರೆತರೆ ಬಹಳ ಕಡೆ ಅತಿ ಹೆಚ್ಚಿನ ದರ ಕಡಿತ ಆಗುತ್ತದೆ. ಹಾಗಾದರೆ ಬೇಗ ದೂರು ಕೊಡಿ, ಸರಿಪಡಿಸುವ ದಾರಿ ಸಾಮಾನ್ಯವಾಗಿ ಇರುತ್ತದೆ. ನೂಕುನುಗ್ಗಲಿನ ಹೊತ್ತಿಗೆ ಬೇರೆ ದರ ಇದ್ದರೆ ನಿಮ್ಮ ಗಡಿಯಾರ ಲೆಕ್ಕಕ್ಕಿಲ್ಲ, ಗೇಟಿನ ಗಡಿಯಾರವೇ ಲೆಕ್ಕ. ಒಳಹೋದ ಹೊತ್ತೋ, ಹೊರಬಂದ ಹೊತ್ತೋ ಅನ್ನುವುದನ್ನೂ ಕೇಳಿಕೊಳ್ಳಿ. ಕಾರ್ಡಿನ ಠೇವಣಿ ವಾಪಸ್ ಬರುತ್ತದಾ, ಒಳಗಿನ ದುಡ್ಡಿಗೆ ಅವಧಿ ಇದೆಯಾ ಅಂತಲೂ ಕೇಳಿ.

ಫೋನಿನಲ್ಲಿರುವ ಪಾಸ್ ಅನುಕೂಲವೇ. ಆದರೆ ಸಂಜೆ ತಡವಾಗಿ ಬರುವವರು ಚಾರ್ಜ್ ಇಲ್ಲದ ಫೋನಿನ ಬಗ್ಗೆ ಯೋಚಿಸಬೇಕು. ತಪಾಸಣೆಗೆ ಬಂದವರಿಗೆ ಆರಿದ ಪರದೆ ತೋರಿಸಿದರೆ ನಡೆಯುವುದಿಲ್ಲ. ಮನೆಯ ಹಿರಿಯರಿಗಂತೂ ನಾನು ಕೈಗೆ ಸಿಗುವ ಕಾರ್ಡನ್ನೇ ಕೊಡಿಸುತ್ತೇನೆ.

ಕಾರ್ಡನ್ನು ಹೆಸರಿಗೆ ನೋಂದಾಯಿಸುವುದಕ್ಕೆ ಐದು ನಿಮಿಷ ಸಾಕು. ನೋಂದಾಯಿಸಿದ ಕಾರ್ಡ್ ಕಳೆದರೆ ತಡೆಹಿಡಿದು ಉಳಿದ ದುಡ್ಡನ್ನು ಹೊಸದಕ್ಕೆ ಹಾಕಿಸಿಕೊಳ್ಳಬಹುದು. ನೋಂದಾಯಿಸದ ಕಾರ್ಡ್ ಕಳೆದರೆ ಬೀದಿಯಲ್ಲಿ ಬಿದ್ದ ನೋಟಿನ ಹಾಗೆ, ಸಿಕ್ಕವರದ್ದು. ತಿಂಗಳ ಪಾಸ್ ತುಂಬಿದ ಕಾರ್ಡ್ ಆದರೆ ಈ ಕೆಲಸವನ್ನು ಕೌಂಟರಿನ ಮುಂದೆ ನಿಂತಿರುವಾಗಲೇ ಮುಗಿಸಿ.